ಬಲೆಯ ಕಣ್ಣು ಎಷ್ಟಿರಬೇಕು?
ಮೀನುಗಾರಿಕೆಯ ನಿಯಮಗಳೂ ಸಾರ್ವಜನಿಕರ ಅಭಿಪ್ರಾಯವೂ

ಕಣಜದಲ್ಲಿರುವ ರಾಗಿಯನ್ನು ಕೊಳಗದಿಂದ ಅಳೆಯಬಹುದು. ಕೊಟ್ಟಿಗೆಯಲ್ಲಿರುವ ದನಗಳನ್ನು ಎಣಿಸಬಹುದು. ಆದರೆ ಕೆರೆಯಲ್ಲಿ ಎಷ್ಟು ಮೀನುಗಳಿವೆಯೆಂಬುದನ್ನು ದಡದಲ್ಲಿ ನಿಂತು ಹೇಳಬಲ್ಲವರು ಯಾರು? ಮೀನು ಕಣ್ಣಿಗೆ ಕಾಣದ ಸಂಪತ್ತು. ಅದು ಎಲ್ಲರಿಗೂ ಸೇರಿದ ಸಂಪತ್ತು ಕೂಡ. ಕಾಣದಿರುವ, ಎಲ್ಲರಿಗೂ ಸೇರಿರುವ ವಸ್ತುವು ಬೇಗನೆ ಬರಿದಾಗುವುದು ಸಹಜ. ಆದುದರಿಂದಲೇ ಯಾವ ಕಾಲದಲ್ಲಿ, ಯಾವ ಸ್ಥಳದಲ್ಲಿ, ಯಾವ ಸಾಧನದಿಂದ, ಎಷ್ಟು ದೊಡ್ಡ ಮೀನನ್ನು ಹಿಡಿಯಬಹುದು ಎಂಬುದಕ್ಕೆ ನಾಗರಿಕ ದೇಶಗಳೆಲ್ಲ ನಿಯಮಗಳನ್ನು ಮಾಡಿಕೊಂಡಿವೆ.

ಈ ನಿಯಮಗಳನ್ನು ಬದಲಾಯಿಸುವಾಗ ಜನರ ಅಭಿಪ್ರಾಯವನ್ನು ಕೇಳುವ ಪದ್ಧತಿಯುಂಟು. ಕೇಳಿದಾಗ ನಾವು ಏನು ಹೇಳಬೇಕು? "ಇದು ಬೇಡ", "ಇದು ಚೆನ್ನಾಗಿದೆ" ಎಂದರೆ ಸಾಲದು. ಪ್ರೌಢಶಾಲೆಯ ಗಣಿತ ಮತ್ತು ಭೌತವಿಜ್ಞಾನಗಳನ್ನು ಬಲ್ಲ ವಿದ್ಯಾರ್ಥಿಯು ಇದಕ್ಕಿಂತ ಹೆಚ್ಚು ಹೇಳಬಲ್ಲನೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕರಡಿನಿಂದ ನಿಯಮದವರೆಗೆ

ಬ್ರಿಟಿಷರ ಆಳ್ವಿಕೆಯಲ್ಲಿ 1897ರಲ್ಲಿ ಇಂಡಿಯನ್ ಫಿಷರೀಸ್ ಆಕ್ಟ್ ಎಂಬ ಶಾಸನವು ಜಾರಿಗೆ ಬಂದಿತು. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನನ್ನು ಕೊಲ್ಲುವುದನ್ನು ಅದು ಅಪರಾಧವೆಂದು ಸಾರಿತು. ಬಲೆಯ ಕಣ್ಣಿನ ಅಳತೆಯನ್ನು ಗೊತ್ತುಪಡಿಸುವ ಅಧಿಕಾರವನ್ನೂ, ನಿರ್ದಿಷ್ಟವಾದ ನೀರಿನಲ್ಲಿ 2 ವರ್ಷಗಳನ್ನು ಮೀರದಂತೆ ಮೀನು ಹಿಡಿಯುವುದನ್ನೇ ನಿಲ್ಲಿಸುವ ಅಧಿಕಾರವನ್ನೂ ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. ಆದರೆ ಒಂದು ಷರತ್ತನ್ನು ಹಾಕಿತು: ಇಂಥ ನಿಯಮಗಳನ್ನು ಮೊದಲು ಪ್ರಕಟಿಸಿ, ಅನಂತರವೇ ಜಾರಿಗೆ ತರಬೇಕು. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ಆದ ರೆಗ್ಯುಲೇಷನ್ ಮಾಡಿಕೊಂಡಿತು. ಕರ್ನಾಟಕದ ಒಳನಾಡು ಮೀನುಗಾರಿಕೆಗೆ 1996ರ ಹೆಸರಿನ ಅಧಿನಿಯಮವೊಂದು ಇದೆ.

"ಮೊದಲು ಪ್ರಕಟಿಸುವುದು" ಎಂದರೇನೆಂಬುದನ್ನು 1897ರ ಮತ್ತೊಂದು ಶಾಸನವಾದ ಜನರಲ್ ಕ್ಲಾಸಸ್ ಆಕ್ಟ್ ತನ್ನ 23ನೆಯ ಪ್ರಕರಣದಲ್ಲಿ ವಿವರಿಸುತ್ತದೆ. ನಿಯಮದಿಂದ ಬಾಧಿತರಾಗಬಹುದಾದ ಜನರಿಗೆ ತಿಳಿಯುವಂತೆ ಕರಡನ್ನು ಪ್ರಕಟಿಸಬೇಕು. ಅದನ್ನು ಯಾವ ದಿನದಂದು ಅಥವಾ ಅದರ ತರುವಾಯ ಪರ್ಯಾಲೋಚಿಸಲಾಗುವುದೆಂದು ತಿಳಿಸಬೇಕು. ಆ ದಿನಕ್ಕೆ ಮುಂಚೆ ಬಂದ ಆಕ್ಷೇಪಣೆಗಳನ್ನೂ ಸಲಹೆಗಳನ್ನೂ ಪರಿಶೀಲಿಸಬೇಕು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಇದು ಮತದಾನವಲ್ಲ. ಒಂದೇ ವಾಕ್ಯವನ್ನು ನೂರು ಮಂದಿ ಬರೆದು ಕಳುಹಿಸಿದರೆ ಅದು ನೂರು ಕಾರಣಗಳಾಗುವುದಿಲ್ಲ. ಕರಡಿನಲ್ಲಿರುವ ದೋಷವನ್ನು ಅಳತೆಯೊಡನೆ ತೋರಿಸಿಕೊಟ್ಟ ಒಂದೇ ಕಾಗದಕ್ಕೆ ಹೆಚ್ಚಿನ ತೂಕವಿರಬಹುದು. ಅಂಥ ದೋಷವು ಹೇಗಿರುತ್ತದೆಂಬುದನ್ನು ಈಗ ನೋಡೋಣ.

ಒಂದು ಪದ, ಎಂಟರಷ್ಟು ಅಂತರ

"ಬಲೆಯ ಕಣ್ಣು 5 ಸೆಂಟಿಮೀಟರಿಗಿಂತ ಕಡಿಮೆಯಿರಕೂಡದು" ಎಂದು ಒಂದು ಕರಡು ಹೇಳುತ್ತದೆಂದು ಊಹಿಸಿಕೊಳ್ಳಿ. ಮಾತು ಸ್ಪಷ್ಟವಾಗಿರುವಂತೆ ತೋರುತ್ತದೆ. ಆದರೆ 5 ಸೆಂಟಿಮೀಟರು ಎಂದರೆ ಎಲ್ಲಿಂದ ಎಲ್ಲಿಗೆ?

ಬಲೆಯ ಒಂದು ಕಣ್ಣಿಗೆ ನಾಲ್ಕು ಗಂಟುಗಳು, ನಾಲ್ಕು ಬಾಹುಗಳು. ಒಂದು ಗಂಟಿನಿಂದ ಪಕ್ಕದ ಗಂಟಿಗೆ ಅಳೆದರೆ ಅದು ಬಾಹುವಿನ ಅಳತೆ. ಕಣ್ಣನ್ನು ಎರಡು ತುದಿಗಳಲ್ಲಿ ಹಿಡಿದು ಪೂರ್ತಿಯಾಗಿ ಎಳೆದು, ಎದುರುಬದುರಿನ ಗಂಟುಗಳ ನಡುವೆ ಅಳೆದರೆ ಅದು ಎಳೆದ ಅಳತೆ. ಎಳೆದ ಅಳತೆಯು ಬಾಹುವಿನ ಎರಡರಷ್ಟು; ಕಣ್ಣಿನ ಸುತ್ತಳತೆಯು ಬಾಹುವಿನ ನಾಲ್ಕರಷ್ಟು. ಬಾಹುವು 5 ಸೆಂಟಿಮೀಟರಾದರೆ ಸುತ್ತಳತೆ 20 ಸೆಂಟಿಮೀಟರು. ಎಳೆದ ಅಳತೆಯೇ 5 ಆದರೆ ಬಾಹು ಎರಡೂವರೆ, ಸುತ್ತಳತೆ ಕೇವಲ 10 ಸೆಂಟಿಮೀಟರು.

ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಬಲೆಯು ಮೀನನ್ನು ಹಿಡಿಯುವ ರೀತಿಯು ಬಹು ಸ್ವಾರಸ್ಯವಾದುದು. ಮೀನಿನ ತಲೆ ಕಣ್ಣಿನೊಳಗೆ ತೂರಬೇಕು, ಆದರೆ ನಡು ತೂರಬಾರದು. ಹಾಗಾದಾಗ ನೂಲು ಕಿವಿರಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ತೀರ ಸಣ್ಣ ಮೀನು ಪಾರಾಗಿ ಹೋಗುವುದು. ತೀರ ದೊಡ್ಡದು ಮೂತಿ ತಾಗಿಸಿ ಹಿಂದಿರುಗುವುದು. ಹೀಗೆ ಪ್ರತಿಯೊಂದು ಬಲೆಯೂ ಒಂದು ಗಾತ್ರದ ಮೀನುಗಳನ್ನು ಆರಿಸಿಕೊಳ್ಳುವ ಜರಡಿಯಾಗಿದೆ. ಕಿವಿರಿನ ಬಳಿ 18, ನಡುವಿನಲ್ಲಿ 24 ಸೆಂಟಿಮೀಟರು ಸುತ್ತಳತೆಯುಳ್ಳ ಮೀನು ಮೊದಲನೆಯ ಬಲೆಗೆ ಸಿಕ್ಕುತ್ತದೆ. ಎರಡನೆಯದಕ್ಕೆ ಸಿಕ್ಕುವುದು ಅದರ ಅರ್ಧದಷ್ಟು, ಎಂದರೆ 9 ಮತ್ತು 12 ಸೆಂಟಿಮೀಟರು ಸುತ್ತಳತೆಯ ಮೀನು.

ಅರ್ಧ ಎಂದೆವು, ತೂಕದಲ್ಲಿಯೂ ಅರ್ಧವೇ? ಅಲ್ಲ. ಒಂದೇ ಆಕಾರದ ಎರಡು ವಸ್ತುಗಳ ಗಾತ್ರವು ಅವುಗಳ ಉದ್ದದ ಘನಕ್ಕೆ ಅನುಗುಣವಾಗಿರುತ್ತದೆ. ಉದ್ದ, ಅಗಲ, ದಪ್ಪ ಮೂರೂ ಅರ್ಧವಾದರೆ ತೂಕವು ಎಂಟರಲ್ಲಿ ಒಂದು ಪಾಲಾಗುತ್ತದೆ. ಮೊದಲನೆಯ ಮೀನು ಸುಮಾರು 800 ಗ್ರಾಂ ತೂಗಿದರೆ ಎರಡನೆಯದು ಸುಮಾರು 100 ಗ್ರಾಂ ತೂಗುವುದು. "ಎಳೆದ" ಎಂಬ ಒಂದು ಪದವು ಕರಡಿನಲ್ಲಿ ಇದ್ದರೆ ಒಂದರ್ಥ, ಇಲ್ಲದಿದ್ದರೆ ಮತ್ತೊಂದರ್ಥ. ನಡುವಣ ಅಂತರ ಎಂಟರಷ್ಟು! ಒಂದು ಅರ್ಥದಲ್ಲಿ ಮರಿಗಳು ಇನ್ನೂ ಮೊಟ್ಟೆಯಿಡುವ ಮೊದಲೇ ಬುಟ್ಟಿ ಸೇರುವುವು. ಇನ್ನೊಂದು ಅರ್ಥದಲ್ಲಿ ಬೆಸ್ತನ ಮನೆಯಲ್ಲಿರುವ ಬಲೆಯು ಒಂದೇ ದಿನದಲ್ಲಿ ಕಾನೂನಿಗೆ ವಿರುದ್ಧವಾಗುವುದು. ಈ ದೋಷವನ್ನು ಕಾಣಲು ಬೇಕಾದದ್ದು ಒಂದು ಅಳತೆಪಟ್ಟಿ ಮಾತ್ರ.

ಶೀತಲ ನೀರಿನ ನಿಯಮ ಕೆರೆಗೆ ಹೊಂದೀತೆ?

ಮೀನುಗಾರಿಕೆಯ ನಿಯಮಗಳನ್ನು ಕುರಿತ ಗ್ರಂಥಗಳಲ್ಲಿ ಟ್ರೌಟ್ ಎಂಬ ಮೀನಿನ ಹೆಸರು ಬಹಳವಾಗಿ ಕಂಡುಬರುತ್ತದೆ. ಅದು ಶೀತಲ ಜಲದ ಮೀನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊರನಾಡಿನಿಂದ ತಂದು ನೀಲಗಿರಿಯ ತೊರೆಗಳಲ್ಲಿ ಬಿಟ್ಟ ಟ್ರೌಟ್ ಅಲ್ಲಿ ನೆಲೆನಿಂತಿತು. ನೀಲಗಿರಿಯಿಂದ ಬಹುದೂರವಿಲ್ಲದ ಬೆಟ್ಟದಪುರದ ಕೆರೆಗಳಲ್ಲಿ ಅದು ಬಾಳಲಾರದು. ಏಕೆ?

ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕವು ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಒಂದು ಲೀಟರು ಸಿಹಿನೀರು ಸುಮಾರು 10.1 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲುದು. 25 ಡಿಗ್ರಿಯಲ್ಲಿ ಸುಮಾರು 8.3 ಮಿಲಿಗ್ರಾಂ ಮಾತ್ರ. ಇದೇ ಪೂರ್ಣ ಉತ್ತರವೆಂದು ಅನೇಕರು ಭಾವಿಸುವರು. ಆದರೆ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕರಗುವ ಅನಿಲದ ಮೊತ್ತವು ವಾತಾವರಣದ ಒತ್ತಡಕ್ಕೆ ಅನುಗುಣವಾಗಿರುವುದಷ್ಟೆ. ಸುಮಾರು 2200 ಮೀಟರು ಎತ್ತರದ ಉದಕಮಂಡಲದಲ್ಲಿ ಒತ್ತಡವು ಸಮುದ್ರಮಟ್ಟದ 100ಕ್ಕೆ 77 ಪಾಲಿನಷ್ಟು; ಸುಮಾರು 850 ಮೀಟರು ಎತ್ತರದ ನಮ್ಮ ಸೀಮೆಯಲ್ಲಿ 100ಕ್ಕೆ 90 ಪಾಲಿನಷ್ಟು. ಗುಣಿಸಿ ನೋಡಿದರೆ, 15 ಡಿಗ್ರಿಯ ನೀಲಗಿರಿಯ ತೊರೆಯಲ್ಲಿ ಲೀಟರಿಗೆ 7.8 ಮಿಲಿಗ್ರಾಂ, 25 ಡಿಗ್ರಿಯ ನಮ್ಮ ಕೆರೆಯಲ್ಲಿ 7.5 ಮಿಲಿಗ್ರಾಂ ಎಂದು ಬರುತ್ತದೆ. ಅಂತರವು ಅತ್ಯಲ್ಪ!

ಹಾಗಾದರೆ ತೊಡಕು ಎಲ್ಲಿದೆ? ಅದು ಒದಗುವ ಆಮ್ಲಜನಕಕ್ಕಿಂತ ಬೇಕಾಗುವ ಆಮ್ಲಜನಕದಲ್ಲಿದೆ. ಮೀನು ಶೀತರಕ್ತದ ಪ್ರಾಣಿ. ನೀರಿನ ಉಷ್ಣತೆಯು 10 ಡಿಗ್ರಿ ಏರಿದರೆ ಅದರ ದೇಹದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳ ವೇಗವು ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಆದಾಯವು ಇದ್ದಷ್ಟೇ ಇದ್ದು ಖರ್ಚು ಎರಡರಷ್ಟಾದ ಸಂಸಾರದಂತೆ ಟ್ರೌಟಿನ ಬಾಳು ಕಷ್ಟಕ್ಕೀಡಾಗುತ್ತದೆ. ನಮ್ಮ ಕಾಟ್ಲಾ, ರೋಹು ಮೀನುಗಳಾದರೋ ಬೆಚ್ಚನೆಯ ನೀರಿಗೆ ಹೊಂದಿಕೊಂಡಂಥವು. ಆದರೂ ಚೈತ್ರ ವೈಶಾಖಗಳಲ್ಲಿ ನೀರು ಇಳಿದು ಕಾದಾಗ ಅವುಗಳಿಗೂ ಸಂಕಟವೇ. ರಾತ್ರಿಯೆಲ್ಲ ಜಲಸಸ್ಯಗಳೂ ಆಮ್ಲಜನಕವನ್ನು ಬಳಸುವುದರಿಂದ ಬೆಳಗಿನ ಜಾವದಲ್ಲಿ ಅದರ ಪ್ರಮಾಣವು ಅತ್ಯಂತ ಕಡಿಮೆಯಿರುತ್ತದೆ. ಹೊಳೆಯ ಮೀನುಗಳು ಬೇಸಗೆಯಲ್ಲಿ ಮಡುಗಳನ್ನು ಸೇರುವುವು. ಅಲ್ಲಿ ಒಂದು ಬಲೆಯಿಂದಲೇ ಇಡೀ ಸಂತತಿಯನ್ನು ಬಳಿದುಬಿಡಬಹುದು.

ಇದರಿಂದ ತಿಳಿಯುವುದೇನು? ಬೇರೊಂದು ದೇಶದ ಶೀತಲ ತೊರೆಗೆ ಬರೆದ ತಿಂಗಳುಗಳನ್ನೂ ಅಳತೆಗಳನ್ನೂ ಲಕ್ಷ್ಮಣತೀರ್ಥಕ್ಕೋ ಕಬಿನಿ ಜಲಾಶಯಕ್ಕೋ ನಕಲು ಮಾಡಲಾಗದು. ನಿಷೇಧದ ಅವಧಿಯು ಇಲ್ಲಿನ ಮಳೆಯನ್ನೂ ಇಲ್ಲಿನ ನೀರಿನ ಉಷ್ಣತೆಯನ್ನೂ ಅನುಸರಿಸಬೇಕು. ಅವನ್ನು ಬಲ್ಲವರು ಸ್ಥಳೀಯರೇ.

ಎಣಿಸಿದರೆ ಸಾಲದು, ಯಾವುದೆಂದು ತಿಳಿಯಬೇಕು

ಕಾವೇರಿಯ ಮಹಸೀರ್, ಎಂದರೆ ನದೀತೀರದವರು ಬಿಳಿಮೀನು ಎಂದು ಕರೆಯುವ ಮೀನು, ಲೋಕಪ್ರಸಿದ್ಧವಾದುದು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಸಿಕ್ಕಿದ ಮಹಸೀರ್ 120 ಪೌಂಡು, ಎಂದರೆ 54 ಕಿಲೋಗ್ರಾಮಿಗೂ ಹೆಚ್ಚು ತೂಗಿತು. ಬೆಟ್ಟದಪುರದ ಉತ್ತರಕ್ಕೆ ಕಾವೇರಿಯ ದಡದಲ್ಲಿರುವ ರಾಮನಾಥಪುರದಲ್ಲಿ ದೇವಾಲಯದ ಬಳಿಯ ಮೀನುಗಳನ್ನು ಹಿಡಿಯದೆ ಕಾಪಾಡುವ ಸಂಪ್ರದಾಯವುಂಟು. ಜನರು ತಮಗೆ ತಾವೇ ಮಾಡಿಕೊಂಡ ನಿಯಮಕ್ಕೆ ಅದೊಂದು ಉದಾಹರಣೆ.

ಕಾವೇರಿಯ ಕೆಳಭಾಗದಲ್ಲಿ ಹಿಡಿದ ಮಹಸೀರನ್ನು ತೂಗಿ ಮತ್ತೆ ನೀರಿಗೆ ಬಿಡುವ ಗಾಳಗಾರರ ಶಿಬಿರಗಳಿದ್ದುವು. 1998ರಿಂದ 2012ರವರೆಗಿನ ಅವರ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಪ್ರಯತ್ನದಲ್ಲಿ 6,161 ಮೀನುಗಳು ಸಿಕ್ಕಿದ್ದುವು. ಭಾಗಿಸಿದರೆ, ಸುಮಾರು 3 ಗಂಟೆ 50 ನಿಮಿಷಕ್ಕೆ ಒಂದು ಮೀನು. ಇಲ್ಲಿ ಗಂಟೆಗಳ ಲೆಕ್ಕವೇ ಮುಖ್ಯ. "ಈ ವರ್ಷ 12 ಮೀನು, ಹೋದ ವರ್ಷ 10" ಎಂದರೆ ಹೆಚ್ಚಾಯಿತೆನಿಸುವುದು. ಈ ವರ್ಷ 12 ಗಂಟೆ, ಹೋದ ವರ್ಷ 5 ಗಂಟೆ ಶ್ರಮಪಟ್ಟಿದ್ದರೆ? ಗಂಟೆಗೆ 2 ಇದ್ದದ್ದು 1ಕ್ಕೆ ಇಳಿದಂತಾಯಿತು.

ಈ ದಾಖಲೆಗಳಲ್ಲಿ ಗಂಟೆಯೊಂದಕ್ಕೆ ಸಿಕ್ಕುವ ಮೀನುಗಳ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಏರಿತ್ತು. ಸಂತೋಷದ ಸಂಗತಿಯೇ. ಆದರೆ ಬುಟ್ಟಿಯಲ್ಲಿ ಎರಡು ಬಗೆಯ ಮಹಸೀರ್‌ಗಳಿದ್ದುವು. ಹೆಚ್ಚುತ್ತಿದ್ದುದು ನೀಲಿ ರೆಕ್ಕೆಯದು; ಕಾವೇರಿಯ ಸ್ವಂತದ್ದಾದ ಡುಬ್ಬದ ಮಹಸೀರ್ ವಿರಳವಾಗುತ್ತ ಬಂದಿತ್ತು. ಒಟ್ಟು ಮೊತ್ತವನ್ನು ಮಾತ್ರ ನೋಡಿದವನಿಗೆ ಇದು ತಿಳಿಯುತ್ತಿರಲಿಲ್ಲ. ಈ ಡುಬ್ಬದ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ನಾಮವು ಸಲ್ಲುತ್ತದೆಂದು ನಿರ್ಧಾರವಾದುದು 2018ರಲ್ಲಿ. ಅದೇ ವರ್ಷ ಅದು ಜಗತ್ತಿನ ಅತ್ಯಂತ ಅಪಾಯಕ್ಕೀಡಾದ ಜೀವಿಗಳ ಪಟ್ಟಿಗೆ ಸೇರಿತು. ಗಾಳ ಹಾಕುತ್ತ ಕುಳಿತವರು ಬರೆದಿಟ್ಟ ಪುಸ್ತಕಗಳು ಇಷ್ಟನ್ನು ಬೆಳಕಿಗೆ ತರಲು ನೆರವಾದುವು.

ಅಭಿಪ್ರಾಯವನ್ನು ಬರೆಯುವ ಕ್ರಮ

ಹಾಗಾದರೆ ಕರಡೊಂದು ಪ್ರಕಟವಾದಾಗ ಬರೆಯುವ ಕಾಗದದಲ್ಲಿ ನಾಲ್ಕು ಅಂಶಗಳಿರಬೇಕು. ಮೊದಲನೆಯದು, ಕರಡಿನ ಯಾವ ಕಲಮನ್ನು ಕುರಿತು ಬರೆಯುತ್ತಿದ್ದೇವೆ ಎಂಬುದು. ಎರಡನೆಯದು, ನಾವು ಕಂಡದ್ದು ಮತ್ತು ಅಳೆದದ್ದು: ಸ್ಥಳ, ದಿನ, ಗಂಟೆ, ಮೀನಿನ ಜಾತಿ, ಉದ್ದ, ತೂಕ. ಮೂರನೆಯದು, ಅದರಿಂದ ಹೊರಡುವ ತೀರ್ಮಾನ. ನಾಲ್ಕನೆಯದು, ಆ ಕಲಮು ಯಾವ ಮಾತುಗಳಲ್ಲಿ ಇರಬೇಕೆಂಬ ಸಲಹೆ. ಮೇಲಿನ ಉದಾಹರಣೆಗೆ ಹೀಗೆ ಬರೆಯಬಹುದು: "ಬಲೆಯ ಕಣ್ಣು ಎಂಬುದರ ಮುಂದೆ, ಒದ್ದೆಯಾದ ಬಲೆಯನ್ನು ಪೂರ್ತಿ ಎಳೆದು ಎದುರು ಗಂಟುಗಳ ನಡುವೆ ಅಳೆದ, ಹತ್ತು ಕಣ್ಣುಗಳ ಸರಾಸರಿ ಎಂಬ ಮಾತನ್ನು ಸೇರಿಸಬೇಕು."

ಮೀನಿನ ಹಿತದಷ್ಟೇ ಮೀನುಗಾರನ ಹಿತವನ್ನೂ ನೆನೆಯುವುದು ನ್ಯಾಯ. ಬಲೆಯೆಂಬುದು ಅವನ ಬಂಡವಾಳ. ಹೊಸ ಬಲೆ ಕೊಳ್ಳಲು ಕಾಲಾವಕಾಶವನ್ನು ಕೇಳುವುದು ನಿಯಮವನ್ನು ವಿರೋಧಿಸಿದಂತಲ್ಲ. ಪಾಲಿಸಲು ಸಾಧ್ಯವಾದ ನಿಯಮವನ್ನು ಕೇಳಿದಂತೆ. ಇನ್ನು, ಮೀನುಗಾರರ ಸಹಕಾರ ಸಂಘದ ಹಿರಿಯರಿಗೆ ಯಾವ ಮಡುವಿನಲ್ಲಿ ಯಾವ ಮೀನು ಯಾವ ಮಳೆಗೆ ಮೊಟ್ಟೆಯಿಡುವುದೆಂಬ ಅನುಭವವುಂಟು. ಆ ಅನುಭವವನ್ನು ತಾರೀಖು ಮತ್ತು ಅಳತೆಗಳಿಗೆ ಇಳಿಸಿ ಬರೆದುಕೊಡುವ ಕೆಲಸವನ್ನು ಓದುಬಲ್ಲ ಯುವಕ ಯುವತಿಯರು ಮಾಡಬಹುದು. ಇಬ್ಬರೂ ಕೂಡಿದಾಗ ಕಾಗದಕ್ಕೆ ಬಲ ಬರುತ್ತದೆ.

ನೀವೇ ಮಾಡಿ ನೋಡಿ

1. ಸಂತೆಯಲ್ಲಿ ಒಂದೇ ಜಾತಿಯ ಹತ್ತು ಮೀನುಗಳ ಉದ್ದವನ್ನೂ ತೂಕವನ್ನೂ ಗುರುತು ಹಾಕಿಕೊಳ್ಳಿ. ತೂಕವನ್ನು ಉದ್ದದ ಘನದಿಂದ ಭಾಗಿಸಿ. ಬರುವ ಸಂಖ್ಯೆಗಳು ಒಂದಕ್ಕೊಂದು ಹತ್ತಿರವಾಗಿವೆಯೆ?

2. ನಿಮ್ಮೂರಿನ ಕೆರೆಯ ನೀರಿನ ಉಷ್ಣತೆಯನ್ನು ಸೂರ್ಯೋದಯದಲ್ಲಿಯೂ ಮಧ್ಯಾಹ್ನ ಮೂರು ಗಂಟೆಗೂ ಒಂದು ತಿಂಗಳು ಬರೆದಿಡಿ.

3. ಬೆಸ್ತರ ಅನುಮತಿ ಪಡೆದು ಒಂದು ಬಲೆಯ ಹತ್ತು ಕಣ್ಣುಗಳನ್ನು ಎರಡು ವಿಧದಲ್ಲಿಯೂ ಅಳೆಯಿರಿ.

ಕರಡು ಪ್ರಕಟವಾದ ಮೇಲೆ ಅಳೆಯಲು ಹೊರಟರೆ ಗಡುವಿನೊಳಗೆ ಒಂದು ಋತುವಿನ ಲೆಕ್ಕವೂ ದೊರೆಯದು. ಆದುದರಿಂದ ಇಂಥ ಪುಸ್ತಕವೊಂದನ್ನು ಇಂದೇ ತೊಡಗುವುದು ಒಳ್ಳೆಯದು.