ಗುತ್ತಿಗೆ ಮುಗಿದ ಮೇಲೆ: ಇ.ಎಸ್.ಐ. ನಿರುದ್ಯೋಗ ಪರಿಹಾರ ಮತ್ತು ಪ್ರಧಾನ ಮಾಲೀಕರ ಹೊಣೆ

ಆರ್ಡರು ಹೆಚ್ಚಿದಾಗ ಗುತ್ತಿಗೆದಾರರ ಮೂಲಕ ಕಾರ್ಮಿಕರನ್ನು ಪಡೆಯುವುದು, ಆರ್ಡರು ಮುಗಿದೊಡನೆ ಅವರನ್ನು ಬಿಡುಗಡೆ ಮಾಡುವುದು ಸಣ್ಣ ಕೈಗಾರಿಕೆಗಳಲ್ಲಿ ವಾಡಿಕೆಯಾಗಿದೆ. ಒಂದು ಗುತ್ತಿಗೆ ಮುಗಿದು ಇನ್ನೊಂದು ದೊರೆಯುವವರೆಗೆ ಈ ಕಾರ್ಮಿಕರ ಜೀವನೋಪಾಯವೇನು? ಕಾರ್ಮಿಕರ ರಾಜ್ಯ ವಿಮಾ ನಿಗಮವು, ಅಂದರೆ ಇ.ಎಸ್.ಐ. ನಿಗಮವು, ಇದಕ್ಕೆ ಸೀಮಿತವಾದ ಒಂದು ಪರಿಹಾರವನ್ನು ಒದಗಿಸಿದೆ. ಆದರೆ ಅದು ಕಾರ್ಮಿಕರ ಕೈಗೆ ಸೇರುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಮ್ಮ ಕಾರ್ಖಾನೆಯ ದಾಖಲೆಗಳನ್ನೇ ಅವಲಂಬಿಸಿದೆ. ಈ ಅಂಶವನ್ನು ಸದಸ್ಯರ ಗಮನಕ್ಕೆ ತರುವುದೇ ಪ್ರಸ್ತುತ ಲೇಖನದ ಉದ್ದೇಶ.

ಯಾರಿಗೆ ಅನ್ವಯ?

ಇ.ಎಸ್.ಐ. ವೇತನಕ್ಕಾಗಿ ದುಡಿಯುವವರ ವಿಮೆ. ಸ್ವಂತ ಲಾಭ ನಷ್ಟದ ಮೇಲೆ ಗುತ್ತಿಗೆ ನಡೆಸುವವನು ಅದರ ವ್ಯಾಪ್ತಿಗೆ ಬರುವುದಿಲ್ಲ. ಅವನು ಕರೆತಂದ ಕಾರ್ಮಿಕರು ಬರುತ್ತಾರೆ. 2017ರ ಜನವರಿ 1ರಿಂದ ಅನ್ವಯವಾಗುವಂತೆ ಮಾಸಿಕ ವೇತನದ ಮಿತಿಯನ್ನು 21,000 ರೂ.ಗಳಿಗೆ ಏರಿಸಲಾಯಿತು. 2019ರ ಜುಲೈ 1ರಿಂದ ಮಾಲೀಕರ ವಂತಿಗೆಯನ್ನು ಶೇ. 3.25ಕ್ಕೂ ಕಾರ್ಮಿಕರ ವಂತಿಗೆಯನ್ನು ಶೇ. 0.75ಕ್ಕೂ ಇಳಿಸಲಾಯಿತು. ಕಾರ್ಖಾನೆಯಲ್ಲಿ 10 ಮಂದಿ ಇದ್ದಾರೆಯೇ ಎಂದು ಎಣಿಸುವಾಗ ಗುತ್ತಿಗೆ ಕಾರ್ಮಿಕರನ್ನೂ ಸೇರಿಸಿಕೊಳ್ಳಬೇಕು. ಸ್ವಂತ ನೌಕರರು 6 ಮಂದಿ, ಗುತ್ತಿಗೆಯವರು 5 ಮಂದಿ ಇರುವ ಘಟಕ ತಾನು ಹೊರಗಿದ್ದೇನೆಂದು ಭಾವಿಸುವಂತಿಲ್ಲ.

ಎರಡು ಯೋಜನೆಗಳು, ಒಂದು ವ್ಯತ್ಯಾಸ

ಮೊದಲನೆಯದು 2005ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಕಾರ್ಖಾನೆ ಮುಚ್ಚಿದಾಗ, ಕಾನೂನುಬದ್ಧ ಉದ್ಯೋಗ ಕಡಿತವಾದಾಗ, ಅಥವಾ ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಶೇ. 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಉಂಟಾದಾಗ ಭತ್ಯೆ ನೀಡುವ ಯೋಜನೆಯಿದು. ಗುತ್ತಿಗೆಯ ಅವಧಿ ಮುಗಿದು ಹೊರಬಂದವರಿಗೆ ಇದರ ಬಾಗಿಲು ಸುಲಭವಾಗಿ ತೆರೆಯದು. ಕಾರಣವೇನೆಂದರೆ, 1984ರ ತಿದ್ದುಪಡಿಯ ಮೂಲಕ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ಉದ್ಯೋಗ ಕರಾರನ್ನು ನವೀಕರಿಸದೆ ಬಿಡುವುದನ್ನು ಉದ್ಯೋಗ ಕಡಿತದ ವ್ಯಾಖ್ಯೆಯಿಂದ ಹೊರಗಿಟ್ಟಿತು. 2025ರ ನವೆಂಬರ್ 21ರಂದು ಆ ಕಾಯ್ದೆಯ ಸ್ಥಾನಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ನಿಗದಿತ ಅವಧಿಯ ಉದ್ಯೋಗ ಪೂರ್ಣಗೊಳ್ಳುವುದು ಉದ್ಯೋಗ ಕಡಿತವಲ್ಲ.

ಎರಡನೆಯದು 2018ರ ಜುಲೈ 1ರಂದು ಪ್ರಾಯೋಗಿಕವಾಗಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಇಲ್ಲಿ ಕಾನೂನುಬದ್ಧ ಉದ್ಯೋಗ ಕಡಿತವೇ ಆಗಿರಬೇಕೆಂಬ ನಿರ್ಬಂಧವಿಲ್ಲ. ಆದ್ದರಿಂದ ಗುತ್ತಿಗೆ ಕಾರ್ಮಿಕರಿಗೆ ಹೆಚ್ಚು ಸಮೀಪವಾದದ್ದು ಇದೇ. ದುರ್ನಡತೆಗಾಗಿ ವಜಾಗೊಂಡವರು, ವಯೋನಿವೃತ್ತರು, ಸ್ವಇಚ್ಛೆಯಿಂದ ಕೆಲಸ ಬಿಟ್ಟವರು ಅರ್ಹರಲ್ಲ. ಆರಂಭದಲ್ಲಿ ಸರಾಸರಿ ದಿನಗಳಿಕೆಯ ಶೇ. 25ರಷ್ಟಿದ್ದ ಪರಿಹಾರವನ್ನು, 2020ರ ಮಾರ್ಚ್ 24ರಿಂದ ಉದ್ಯೋಗ ಕಳೆದುಕೊಂಡವರಿಗೆ ಶೇ. 50ಕ್ಕೆ ಏರಿಸಲಾಯಿತು. 90 ದಿನ ಕಾಯಬೇಕೆಂಬ ನಿಯಮವನ್ನು 30 ದಿನಕ್ಕೆ ಇಳಿಸಲಾಯಿತು. ಮಾಲೀಕರ ಮೂಲಕವೇ ಅರ್ಜಿ ಬರಬೇಕೆಂಬ ನಿಬಂಧನೆಯನ್ನೂ ಸಡಿಲಿಸಲಾಯಿತು. ಪರಿಹಾರ ಜೀವನದಲ್ಲಿ ಒಂದು ಬಾರಿ, ಗರಿಷ್ಠ 90 ದಿನಗಳಿಗೆ ಮಾತ್ರ. ಯೋಜನೆ ಅವಧಿಬದ್ಧವಾಗಿದ್ದು ಕಾಲಕಾಲಕ್ಕೆ ವಿಸ್ತರಣೆಗೊಂಡಿರುವುದರಿಂದ, ಕೆಲಸ ತಪ್ಪಿದ ದಿನದಂದು ಜಾರಿಯಲ್ಲಿದ್ದ ಆದೇಶವನ್ನು ನಿಗಮದ ಶಾಖಾ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಸೂಕ್ತ.

78 ದಿನಗಳ ಲೆಕ್ಕ

ಸಡಿಲಿಸಿದ ನಿಯಮದಂತೆ ಅರ್ಜಿದಾರನು ಕನಿಷ್ಠ 2 ವರ್ಷ ವಿಮಾ ವ್ಯಾಪ್ತಿಯ ಉದ್ಯೋಗದಲ್ಲಿದ್ದಿರಬೇಕು. ಕೆಲಸ ತಪ್ಪುವ ಮುಂಚಿನ ವಂತಿಗೆ ಅವಧಿಯಲ್ಲಿ 78 ದಿನಗಳಿಗೆ ಕಡಿಮೆಯಿಲ್ಲದೆ, ಹಾಗೂ ಆ 2 ವರ್ಷಗಳ ಉಳಿದ ಮೂರು ಅವಧಿಗಳ ಪೈಕಿ ಒಂದರಲ್ಲಿ 78 ದಿನ, ಆತನ ಹೆಸರಿನಲ್ಲಿ ವಂತಿಗೆ ಸಂದಿರಬೇಕು. ಏಪ್ರಿಲ್ 1ರಿಂದ ಸೆಪ್ಟೆಂಬರ್ 30 ಒಂದು ಅವಧಿ. ಅಕ್ಟೋಬರ್ 1ರಿಂದ ಮಾರ್ಚ್ 31 ಮತ್ತೊಂದು.

ತಿಂಗಳಿಗೆ 26 ದಿನಗಳಂತೆ ಮೂರು ತಿಂಗಳು ತೋರಿಸಿದರೆ ಸರಿಯಾಗಿ 78 ದಿನ. ಅದೇ ಕಾರ್ಮಿಕ 26 ದಿನ ದುಡಿದಿದ್ದರೂ ಗುತ್ತಿಗೆದಾರನು 22 ದಿನವೆಂದು ತೋರಿಸಿದರೆ 66 ದಿನವಾಗುತ್ತದೆ; ಹಕ್ಕು ತಪ್ಪುತ್ತದೆ. ಕೆಲವು ರೂಪಾಯಿಗಳ ವಂತಿಗೆ ಉಳಿಸಲು ಹೋಗಿ ಒಂದು ಕುಟುಂಬದ ಮೂರು ತಿಂಗಳ ಆಸರೆಯನ್ನೇ ಕಳೆದಂತಾಗುತ್ತದೆ.

ಸರಾಸರಿ ದಿನಗಳಿಕೆಯನ್ನು ಕಂಡುಹಿಡಿಯುವಾಗ ಹಿಂದಿನ ನಾಲ್ಕು ವಂತಿಗೆ ಅವಧಿಗಳ ಒಟ್ಟು ವೇತನವನ್ನು 730ರಿಂದ ಭಾಗಿಸಲಾಗುತ್ತದೆ. ಮಾಸಿಕ 15,000 ರೂ.ಗಳಂತೆ 24 ತಿಂಗಳೂ ದುಡಿದವನ ಒಟ್ಟು ವೇತನ 3,60,000 ರೂ.; ದಿನಗಳಿಕೆ ಸುಮಾರು 493 ರೂ.; ಶೇ. 50ರಂತೆ 90 ದಿನಗಳಿಗೆ ಸುಮಾರು 22,190 ರೂ. ನಡುನಡುವೆ ಕೆಲಸವಿಲ್ಲದೆ 18 ತಿಂಗಳು ಮಾತ್ರ ದುಡಿದವನಿಗೆ ಸಿಗುವುದು ಸುಮಾರು 16,640 ರೂ. ಗುತ್ತಿಗೆಗಳ ನಡುವಿನ ಬಿಡುವು ಪರಿಹಾರವನ್ನೂ ಕುಗ್ಗಿಸುತ್ತದೆ. ವೇತನವನ್ನು ಕಡಿಮೆ ತೋರಿಸಿದರೂ ಪರಿಣಾಮ ಇದೇ.

ನಮ್ಮ ಹೊಣೆ

ವಂತಿಗೆ ಕಟ್ಟುವುದು ಗುತ್ತಿಗೆದಾರನ ಕೆಲಸವೆಂದು ಹಲವರು ತಿಳಿದಿದ್ದಾರೆ. ಆದರೆ ಗುತ್ತಿಗೆ ಕಾರ್ಮಿಕರ ವಂತಿಗೆಯ ಪ್ರಥಮ ಹೊಣೆ ಪ್ರಧಾನ ಮಾಲೀಕರದು ಎಂಬುದು ಇ.ಎಸ್.ಐ. ವ್ಯವಸ್ಥೆಯ ಮೂಲತತ್ತ್ವ. ಗುತ್ತಿಗೆದಾರನು ಕಟ್ಟದಿದ್ದರೆ ನಾವು ಕಟ್ಟಿ, ಅವನ ಬಿಲ್ಲಿನಿಂದ ಕಡಿತ ಮಾಡಿಕೊಳ್ಳಬಹುದು. ಆದ್ದರಿಂದ ಸದಸ್ಯರು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಹಿತಕರ.

1. ಹೊಸ ಕಾರ್ಮಿಕ ಬಂದಾಗ ಹಳೆಯ ವಿಮಾ ಸಂಖ್ಯೆಯನ್ನೇ ಬಳಸುವಂತೆ ನೋಡಿಕೊಳ್ಳಬೇಕು. ಗುತ್ತಿಗೆದಾರ ಬದಲಾದಂತೆಲ್ಲ ಹೊಸ ಸಂಖ್ಯೆ ಪಡೆದರೆ 2 ವರ್ಷಗಳ ಸೇವೆ ತುಂಡು ತುಂಡಾಗಿ ಕಾಣುತ್ತದೆ.

2. ಗುತ್ತಿಗೆದಾರನ ಮಾಸಿಕ ಬಿಲ್ಲಿಗೆ ಹಣ ಬಿಡುಗಡೆ ಮಾಡುವ ಮುನ್ನ ವಂತಿಗೆಯ ಚಲನ್ ಹಾಗೂ ಕಾರ್ಮಿಕರ ಹೆಸರುವಾರು ಪಟ್ಟಿ ಪಡೆದು, ಅದನ್ನು ನಮ್ಮ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಬೇಕು. ಚಲನ್ ಮಾತ್ರ ಸಾಲದು. ದಿನಗಳೂ ವೇತನವೂ ಕಾಣುವುದು ಪಟ್ಟಿಯಲ್ಲಿ.

3. ವಂತಿಗೆ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಸಂದಾಯವಾಗಬೇಕು. ಆಯಾ ವೇತನಾವಧಿಯಲ್ಲಿ ಕಡಿತ ಮಾಡದ ಕಾರ್ಮಿಕರ ಪಾಲನ್ನು ಅನಂತರ ಅವರಿಂದ ವಸೂಲು ಮಾಡುವಂತಿಲ್ಲ.

4. ಗುತ್ತಿಗೆ ಮುಗಿದಾಗ ಕೊನೆಯ ಕೆಲಸದ ದಿನವನ್ನೂ ಕಾರಣವನ್ನೂ ಮಾಸಿಕ ವಿವರಣೆಯಲ್ಲಿ ನಿಜಕ್ಕೆ ಅನುಗುಣವಾಗಿ ದಾಖಲಿಸಬೇಕು. ‘ಸೇವೆ ಬಿಟ್ಟರು’, ‘ಉದ್ಯೋಗ ಕಡಿತ’, ‘ಕೆಲಸವಿಲ್ಲ’ ಎಂಬ ಕಾರಣಗಳು ಅಲ್ಲಿ ಬೇರೆ ಬೇರೆಯಾಗಿಯೇ ಇವೆ. ಗುತ್ತಿಗೆ ಮುಗಿಯಿತೆಂದು ಸೂಚಿಸುವ ಪತ್ರವನ್ನೂ ಕಾರ್ಮಿಕನಿಗೆ ನೀಡುವುದು ಒಳ್ಳೆಯದು. ಸ್ವಇಚ್ಛೆಯಿಂದ ಬಿಟ್ಟನೆಂಬ ಸಂದೇಹ ಉಳಿಯದು.

5. ಕಾರ್ಮಿಕನ ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ವಿಮಾ ದಾಖಲೆಗೆ ಜೋಡಣೆಯಾಗಿದೆಯೇ ಎಂಬುದನ್ನು ಕೆಲಸದಲ್ಲಿರುವಾಗಲೇ ಪರಿಶೀಲಿಸಬೇಕು. ಕೆಲಸ ಬಿಟ್ಟ ಮೇಲೆ ಹೆಸರಿನ ಅಕ್ಷರ ತಿದ್ದಿಸಲು ಅಲೆಯುವುದು ಅವನಿಗೆ ಕಷ್ಟ.

ಇದರಿಂದ ಉದ್ಯಮಕ್ಕೂ ಲಾಭವಿದೆ. ಬಾಕಿ ವಂತಿಗೆಗೆ ವಾರ್ಷಿಕ ಶೇ. 12ರ ಬಡ್ಡಿ, ಅದರ ಮೇಲೆ ದಂಡ, ತಪಾಸಣೆಯ ತೊಂದರೆ ಇವೆಲ್ಲ ತಪ್ಪುತ್ತವೆ. ಮುಂದಿನ ಆರ್ಡರಿನ ಹೊತ್ತಿಗೆ ಕೆಲಸ ಬಲ್ಲ ಕೈಗಳು ಊರಿನಲ್ಲಿಯೇ ಉಳಿದಿರುವ ಸಂಭವವೂ ಹೆಚ್ಚು. ಪರಿಹಾರದ ಹಣ ನಿಗಮದ್ದು. ಅದನ್ನು ತಲುಪಿಸುವ ದಾಖಲೆ ಮಾತ್ರ ನಮ್ಮದು. ಸದಸ್ಯರು ಈ ತಿಂಗಳ ಗುತ್ತಿಗೆ ಬಿಲ್ಲುಗಳಿಂದಲೇ ಈ ತಪಾಸಣೆಯನ್ನು ಆರಂಭಿಸುವರೆಂದು ಆಶಿಸಲಾಗಿದೆ.