ನಿದ್ರಾರೋಗದ ಪರೋಪಜೀವಿ ಮತ್ತು ಆರ್‌ಎನ್‌ಎ ಬೆಸುಗೆ

ಆಫ್ರಿಕಾ ಖಂಡದಲ್ಲಿ, ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ದೇಶಗಳಲ್ಲಿ ನಿದ್ರಾರೋಗವೆಂಬ ಕಾಯಿಲೆಯುಂಟು. ತ್ಸೆತ್ಸೆ ಎಂಬ ನೊಣವು ಕಡಿದಾಗ ಟ್ರಿಪನೊಸೋಮಾ ಬ್ರೂಸಿ ಎಂಬ ಏಕಕೋಶ ಪರೋಪಜೀವಿಯು ಮನುಷ್ಯನ ರಕ್ತವನ್ನು ಸೇರುತ್ತದೆ. ಮೊದಮೊದಲು ಜ್ವರ, ತಲೆನೋವು, ಕೀಲುನೋವು. ಮುಂದೆ ಅದು ಮೆದುಳನ್ನು ಹೊಕ್ಕಾಗ ರೋಗಿಯು ಹಗಲೆಲ್ಲ ತೂಕಡಿಸುತ್ತಾನೆ, ರಾತ್ರಿ ನಿದ್ರೆಯಿಲ್ಲದೆ ನರಳುತ್ತಾನೆ, ಬುದ್ಧಿಯು ಭ್ರಮಿಸುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಸಾವು ಬಹುತೇಕ ನಿಶ್ಚಿತ. ಈ ಜೀವಿಯು ತನ್ನ ಮೈಮೇಲಿನ ಪ್ರೋಟೀನಿನ ಹೊದಿಕೆಯನ್ನು ಪದೇ ಪದೇ ಬದಲಿಸುವುದರಿಂದ ಇದಕ್ಕೆ ಲಸಿಕೆಯೂ ಸಿದ್ಧವಾಗಿಲ್ಲ.

ಮೆದುಳಿಗೇರಿದ ರೋಗಕ್ಕೆ 1949ರಿಂದ ಬಳಕೆಗೆ ಬಂದ ಮೆಲಾರ್ಸೊಪ್ರಾಲ್ ಎಂಬ ಔಷಧವು ಆರ್ಸೆನಿಕ್ ಎಂಬ ವಿಷವಸ್ತುವಿನಿಂದ ಕೂಡಿದುದು. ಅದನ್ನು ಪಡೆದ 100 ರೋಗಿಗಳಲ್ಲಿ ಸುಮಾರು 5 ಮಂದಿ ಔಷಧದಿಂದಲೇ ಸಾಯುತ್ತಿದ್ದರು. ಇಂತಹ ಔಷಧವನ್ನು ಅಷ್ಟು ಕಾಲ ಕೊಡಬೇಕಾಗಿ ಬಂದುದೇಕೆ? ಈ ಜೀವಿಯ ಕೋಶವು ನಮ್ಮ ಕೋಶದಂತೆಯೇ ಕೇಂದ್ರವುಳ್ಳದ್ದು. ಅದನ್ನು ಸುಡುವುದು ನಮ್ಮನ್ನೂ ಸುಡುತ್ತದೆ. ಆದುದರಿಂದ ಅದು ನಮಗಿಂತ ಭಿನ್ನವಾಗಿ ಮಾಡುವ ಕಾರ್ಯವೊಂದನ್ನು ವಿಜ್ಞಾನಿಗಳು ಹುಡುಕಬೇಕಾಯಿತು.

ಅಂತಹ ಕಾರ್ಯಗಳಲ್ಲಿ ಒಂದು, ಆರ್‌ಎನ್‌ಎಯನ್ನು ಕತ್ತರಿಸಿ ಬೆಸೆಯುವುದು. ನಮ್ಮ ಕೋಶದಲ್ಲಿ ಒಂದು ವಂಶವಾಹಿಯ ಪ್ರತಿಯನ್ನು ಆರ್‌ಎನ್‌ಎ ರೂಪದಲ್ಲಿ ತೆಗೆದ ಬಳಿಕ, ನಡುವೆ ಬರುವ ಬೇಡದ ಭಾಗಗಳನ್ನು ತೆಗೆದುಹಾಕಿ ಉಳಿದುದನ್ನು ಜೋಡಿಸಲಾಗುತ್ತದೆ. ಇದನ್ನು 1977ರಲ್ಲಿ ಕಂಡುಹಿಡಿದ ಶಾರ್ಪ್ ಮತ್ತು ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಟ್ರಿಪನೊಸೋಮದ ರೀತಿಯೇ ಬೇರೆ. ಅದು ಸಾಲಾಗಿರುವ ಅನೇಕ ವಂಶವಾಹಿಗಳನ್ನು ಒಂದೇ ಉದ್ದನೆಯ ಸುರುಳಿಯಾಗಿ ಪ್ರತಿಮಾಡುತ್ತದೆ. ಆ ಸುರುಳಿಯನ್ನು ತುಂಡರಿಸಿ, ಪ್ರತಿ ತುಂಡಿನ ತಲೆಗೂ 39 ಅಕ್ಷರಗಳ ಒಂದೇ ಬಗೆಯ ಚೂರನ್ನು ಬೆಸೆಯುತ್ತದೆ. ಹಿಂದೆ ಪ್ರತಿಯೊಂದು ಓಲೆಯ ಆರಂಭದಲ್ಲಿಯೂ ಒಂದೇ ಒಕ್ಕಣೆ ಇರುತ್ತಿದ್ದಂತೆ! ಈ ಚೂರು ಇನ್ನೊಂದು ಪ್ರತ್ಯೇಕ ಆರ್‌ಎನ್‌ಎಯಿಂದ ಬರುತ್ತದೆ ಎಂಬುದೇ ವಿಶೇಷ. ತುಂಡಿಗೆ ಆ ತಲೆ ಇಲ್ಲದಿದ್ದರೆ ಅದರಿಂದ ಪ್ರೋಟೀನು ತಯಾರಾಗದು. ನಮ್ಮ ರೀತಿಯಲ್ಲಿ ನಡುಭಾಗವನ್ನು ತೆಗೆದುಹಾಕುವ ಕೆಲಸವು ಅದರಲ್ಲಿ ಕೇವಲ 2 ವಂಶವಾಹಿಗಳಿಗೆ ಮಾತ್ರ ಬೇಕಾಗುತ್ತದೆ.

ಬೆಸೆಯುವ ಯಂತ್ರವು ಪುಟ್ಟ ಆರ್‌ಎನ್‌ಎಗಳೂ ಅವುಗಳನ್ನು ಆವರಿಸಿದ ಪ್ರೋಟೀನುಗಳೂ ಸೇರಿದ ಸಮೂಹ. ಎಸ್‌ಎಮ್ ಎಂಬ 7 ಪ್ರೋಟೀನುಗಳು ಉಂಗುರದಂತೆ ಆರ್‌ಎನ್‌ಎಯನ್ನು ಸುತ್ತಿಕೊಳ್ಳುತ್ತವೆ. ಪರೋಪಜೀವಿಯ ಯು-2 ಎಂಬ ಘಟಕದಲ್ಲಿ ಈ ಏಳರಲ್ಲಿ ಎರಡರ ಬದಲಿಗೆ ಅದಕ್ಕೇ ವಿಶಿಷ್ಟವಾದ ಬೇರೆ ಎರಡು ಕುಳಿತಿವೆ. ಇದಲ್ಲದೆ, ಒಂದು ತುಂಡಿಗೆ ತಲೆಯನ್ನು ಬೆಸೆಯುವ ಕೆಲಸವೂ ಅದರ ಹಿಂದಿನ ತುಂಡಿನ ಬಾಲವನ್ನು ಕತ್ತರಿಸುವ ಕೆಲಸವೂ ಅಲ್ಲಿ ಜೊತೆಜೊತೆಯಾಗಿಯೇ ನಡೆಯುತ್ತವೆ. ಒಂದನ್ನು ತಡೆದರೆ ಇನ್ನೊಂದೂ ನಿಲ್ಲುತ್ತದೆ.

ಅಕೋಜಿಬೊರೋಲ್ ಎಂಬ ಹೊಸ ಔಷಧವು ಬಾಲ ಕತ್ತರಿಸುವ ಸಿಪಿಎಸ್‌ಎಫ್-3 ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಈ ಪ್ರೋಟೀನು ನಮ್ಮಲ್ಲಿಯೂ ಇದೆ. ಆದರೆ ಔಷಧವು ಕುಳಿತುಕೊಳ್ಳುವ ಗೂಡಿನ ಆಕಾರದಲ್ಲಿ ಸ್ವಲ್ಪ ವ್ಯತ್ಯಾಸವಿರುವುದರಿಂದ ಅಲ್ಲಿ ಹೊಂದುವಂತೆ ಇಲ್ಲಿ ಹೊಂದುವುದಿಲ್ಲ. ಕಾಂಗೋ ಮತ್ತು ಗಿನಿ ದೇಶಗಳಲ್ಲಿ 208 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವು 2022ರಲ್ಲಿ ಪ್ರಕಟವಾಯಿತು. ಒಂದೇ ಸಲ ನುಂಗುವ 3 ಮಾತ್ರೆಗಳಿಂದ, ರೋಗವು ಮೆದುಳಿಗೇರಿದವರಲ್ಲಿಯೂ 100ಕ್ಕೆ 95 ಮಂದಿಗೆ ಗುಣ ಕಂಡಿತು. ಆಸ್ಪತ್ರೆಯೇ ದೂರವಾಗಿರುವ ಹಳ್ಳಿಗಳಿಗೆ ಇದಕ್ಕಿಂತ ದೊಡ್ಡ ಅನುಕೂಲವನ್ನು ಊಹಿಸುವುದು ಕಷ್ಟ.

ನಿದ್ರಾರೋಗವು ನಮ್ಮ ನಾಡಿನಲ್ಲಿ ಇಲ್ಲ. ಆದರೆ ಅದರ ಸಮೀಪದ ಬಂಧುವಾದ ಟ್ರಿಪನೊಸೋಮಾ ಇವಾನ್ಸಿಯು ಭಾರತದಲ್ಲಿ ದನ, ಎಮ್ಮೆ, ಕುದುರೆ, ಒಂಟೆಗಳಿಗೆ ಸರ್ರಾ ಎಂಬ ರೋಗವನ್ನು ತರುತ್ತದೆ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಆಗಿನ ಪಂಜಾಬಿನಲ್ಲಿ ಇದನ್ನು ಕಂಡುಹಿಡಿದರು. ನಮ್ಮ ರಕ್ತದಲ್ಲಿರುವ ಎಪಿಒಎಲ್-1 ಎಂಬ ಪ್ರೋಟೀನು ಈ ಜೀವಿಯನ್ನು ಕೊಲ್ಲುವುದರಿಂದ ಮನುಷ್ಯರಿಗೆ ಅದು ಸಾಮಾನ್ಯವಾಗಿ ತಗಲದು. ಆ ಪ್ರೋಟೀನಿಲ್ಲದ ಮಹಾರಾಷ್ಟ್ರದ ರೈತರೊಬ್ಬರಿಗೆ ತಗಲಿದ್ದು 2005ರಲ್ಲಿ ವರದಿಯಾಯಿತು. ಅವರಿಗೆ ಸುರಮಿನ್ ಔಷಧವನ್ನು ಕೊಡಲಾಯಿತು. ದನಕರುಗಳಿಗೆ ಬಿಟ್ಟು ಬಿಟ್ಟು ಜ್ವರ ಬರುತ್ತಿದ್ದರೆ, ಮೈ ಸೊರಗಿ ಕಾಲು ಬಾತುಕೊಂಡರೆ ಪಶುವೈದ್ಯರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ರಕ್ತ ಹೀರುವ ದೊಡ್ಡ ನೊಣಗಳು ಮಳೆಗಾಲದಲ್ಲಿ ಹೆಚ್ಚುತ್ತವೆ. ಆಗ ಕೊಟ್ಟಿಗೆಯ ಸಗಣಿ, ನೀರು ನಿಲ್ಲದಂತೆ ನೋಡಿಕೊಳ್ಳಬೇಕು.