ಸೇವೆಗೆ ಬಂದವರಿಗೆ ಒಂದು ಪುಟ್ಟ ಮನೆ

ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರವಿದೆ. ಇಂಥ ಸೇವಾಸಂಸ್ಥೆಗಳಲ್ಲಿ ಕೆಲವು ತಿಂಗಳು ದುಡಿಯಲೆಂದು ಹೊರದೇಶದ ಹುಡುಗ ಹುಡುಗಿಯರು ಬೆಂಗಳೂರಿಗೆ ಬರುವುದುಂಟು. ಸಂಬಳವಿರುವುದಿಲ್ಲ, ಕೈಯಲ್ಲಿ ಕಾಸೂ ಕಡಿಮೆ. ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಮಹಡಿ ಮೇಲೊಂದು ಪುಟ್ಟ ಮನೆ ಖಾಲಿ ಇದ್ದರೆ, ಅಂಥವರಿಗೆ ಇಲ್ಲ ಎನ್ನಬೇಡಿ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ನಮ್ಮೂರ ರೂಢಿಯನ್ನು ಇವರ ಮಟ್ಟಿಗೆ ಬದಿಗಿಡಿ.

ಸೋಫಾ, ಟಿವಿ ಯಾವುದೂ ಬೇಕಿಲ್ಲ. ಮಂಚ, ಸೊಳ್ಳೆಪರದೆ, ಇಂಡಕ್ಷನ್ ಒಲೆ, ನಾಲ್ಕು ಪಾತ್ರೆ ಸಾಕು. ಆದರೆ ನೀರಿನ ವಿಷಯ ಹೇಳಿಕೊಡಲು ಅರ್ಧ ಗಂಟೆ ಕೂತುಕೊಳ್ಳಿ. ಕಾವೇರಿ ನೀರು ದಿನವಿಡೀ ಬರುವುದಿಲ್ಲ, ಬಂದದ್ದು ಸಂಪಿನಲ್ಲಿ ತುಂಬಿ ಮೋಟಾರಿನಿಂದ ಮೇಲೇರಬೇಕು ಎಂಬುದು ಅವರಿಗೆ ಹೊಸತು. ಯಾವ ನಲ್ಲಿ ಕಾವೇರಿಯದು, ಯಾವುದು ಬೋರ್‌ವೆಲ್ಲಿನದು ಎಂದು ಮುಟ್ಟಿ ತೋರಿಸಿ. ಕುಡಿಯುವ ನೀರನ್ನು ಕುದಿಸಿ ಆರಿಸಲು ಹೇಳಿ. ಸೋಲಾರಿನ ಬಿಸಿನೀರು ಬರುವ ಮುಂಚೆ ಸುರಿಯುವ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದಿಡುವುದನ್ನೂ ಕಲಿಸಿ. ಹಸಿ ಕಸ, ಒಣ ಕಸ ಬೇರೆ ಮಾಡುವುದು ಒಂದೇ ದಿನದಲ್ಲಿ ಬಂದುಬಿಡುತ್ತದೆ.

ಮನೆ ಕೆಂಗೇರಿಯಲ್ಲಿದ್ದರೂ ಅಡ್ಡಿಯಿಲ್ಲ; ನೇರಳೆ ಮಾರ್ಗದ ಮೆಟ್ರೊ 2021ರಲ್ಲೇ ಅಲ್ಲಿಗೆ ಬಂದಿದೆ.

ಒಂದನ್ನು ಮಾತ್ರ ಮರೆಯಲೇಬೇಡಿ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ತಿಳಿಸುವುದು ಮನೆ ಮಾಲೀಕರ ಹೊಣೆ. ಪಾಸ್‌ಪೋರ್ಟ್, ವೀಸಾ ಪ್ರತಿಗಳನ್ನು ಮೊದಲೇ ಇಸಿದುಕೊಳ್ಳಿ.

ಅವರು ಬಂದ ಮೊದಲ ಭಾನುವಾರ ಬೆಳಗ್ಗೆ ತಿಂಡಿಗೆ ಕೆಳಗೆ ಕರೆಯಿರಿ. ಅಕ್ಕಪಕ್ಕದವರ ಪರಿಚಯವನ್ನೂ ಅವತ್ತೇ ಮಾಡಿಸಿಕೊಡಿ.